ತೂತು ಬಿದ್ದ ಬ್ರೌಸರಿನ ಬೆನ್ನು ಹತ್ತಿ

ನಗಬೇಕು ಅಂತ ನಾನು ಯಾವತ್ತೂ ಅಂಗಡಿ ಬಾಗಿಲು ತೆಗೆದವಳಲ್ಲ. ಆದರೆ ನಗದೇ ಬಾಗಿಲು ಹಾಕಿಕೊಂಡು ಮನೆಗೆ ಹೋದ ದಿನ ಯಾವುದಾದರೂ ಇದೆಯೇ ಅಂತ ಯೋಚಿಸಿದರೆ ಒಂದೂ ನೆನಪಾಗುವುದಿಲ್ಲ.

ಜಮಖಂಡಿಯಲ್ಲಿ ನನ್ನದೊಂದು ಕಂಪ್ಯೂಟರ್ ರಿಪೇರಿ ಅಂಗಡಿ ಇದೆ. ಅದಕ್ಕೂ ಮುಂಚೆ ಏಳೆಂಟು ವರ್ಷ ಒಂದು ತರಬೇತಿ ಕೇಂದ್ರದಲ್ಲಿ ಕಂಪ್ಯೂಟರ್ ಕಲಿಸುತ್ತಿದ್ದೆ. ನಮ್ಮ ಕಡೆ ಪಾಠ ಹೇಳುವ ಹೆಣ್ಣುಮಕ್ಕಳಿಗೆ ‘ಅಕ್ಕಾರು’ ಅನ್ನುತ್ತಾರೆ. ಪಾಠ ಬಿಟ್ಟರೂ ಆ ಹೆಸರು ನನ್ನನ್ನು ಬಿಡಲಿಲ್ಲ. ಈಗ ಚೀಲದಲ್ಲಿ ಸ್ಕ್ರೂಡ್ರೈವರ್ ಹಾಕಿಕೊಂಡು ಹೋದರೂ ‘ಕಂಪ್ಯೂಟರ್ ಅಕ್ಕಾರು ಬಂದ್ರು’ ಅಂತಲೇ ಖುರ್ಚಿ ಹಾಕುತ್ತಾರೆ.

ನಾನೀಗ ಹೇಳುವುದೆಲ್ಲ ಒಂದೇ ತಿಂಗಳಲ್ಲಿ ನಡೆದದ್ದು. ಇಂಟರ್ನೆಟ್ ನೋಡಲು ಕಂಪ್ಯೂಟರಿನಲ್ಲಿ ಬ್ರೌಸರ್ ಅಂತ ಒಂದು ಇರುತ್ತದಲ್ಲ, ನನ್ನ ಗಿರಾಕಿಗಳ ಹಳೆಯ ಕಂಪ್ಯೂಟರುಗಳಲ್ಲೆಲ್ಲ ಒಂದೇ ಜಾತಿಯ ಹಳೆಯ ಬ್ರೌಸರ್ ಇತ್ತು. ಹಾಕಿಕೊಟ್ಟವಳು ನಾನೇ. ಒಂದು ಮುಂಜಾನೆ ಸುದ್ದಿ ಬಂತು: ಅದರಲ್ಲಿ ಭದ್ರತೆಯ ದೋಷ ಸಿಕ್ಕಿದೆ, ಅದರ ಮೂಲಕ ಕಳ್ಳರು ಒಳಗೆ ಕೈ ಹಾಕಬಹುದು, ತಯಾರಿಸಿದವರು ಅದನ್ನು ಸರಿಪಡಿಸುವುದನ್ನೂ ನಿಲ್ಲಿಸಿದ್ದಾರೆ. ಕೂಡಲೇ ಗಿರಾಕಿಗಳ ಮೊಬೈಲ್ ಗುಂಪಿಗೆ ಹೀಗೆ ಬರೆದೆ: ‘ನಿಮ್ಮ ಬ್ರೌಸರಿನಲ್ಲಿ ತೂತು ಕಂಡುಬಂದಿದೆ. ಇದಕ್ಕೆ ಪ್ಯಾಚ್ ಸಿಗುವುದಿಲ್ಲ. ಯಾರೂ ಬಳಸಬೇಡಿ. ಬದಲಿ ಬ್ರೌಸರ್ ಹಾಕಿಸಿಕೊಳ್ಳಿ.’

ಭದ್ರತೆಯ ದೋಷಕ್ಕೆ ತೂತು, ಅದನ್ನು ಸರಿಪಡಿಸುವ ತಿದ್ದುಪಡಿಗೆ ಪ್ಯಾಚ್ ಅನ್ನುವುದು ನಮ್ಮ ಕಸುಬಿನ ಮಾತು. ಆ ಎರಡು ಶಬ್ದ ಬರೆದದ್ದೇ ತಪ್ಪಾಯಿತು.

ಬಕೀಟಿನ ನೀರು

ನನ್ನ ಅಂಗಡಿಯ ಪಕ್ಕದಲ್ಲೇ ಒಂದು ಪಂಕ್ಚರ್ ಅಂಗಡಿ. ಅದರ ಮಾಲಕರು ಒಳ್ಳೆಯ ಕೆಲಸಗಾರರು. ಯಾವ ಗಾಡಿ ಬಂದರೂ ಮೊದಲು ಟ್ಯೂಬನ್ನು ನೀರಿನಲ್ಲಿ ಅದ್ದಿ, ಗುಳ್ಳೆ ಎಲ್ಲಿ ಏಳುತ್ತದೆ ಅಂತ ನೋಡಿ, ಆಮೇಲೆಯೇ ಬಾಯಿ ಬಿಡುತ್ತಾರೆ.

ಮೆಸೇಜ್ ಕಳಿಸಿದ ಮರುದಿನ ಹತ್ತು ಗಂಟೆಗೆ ಒಬ್ಬ ನಿವೃತ್ತ ಗಣಿತ ಮಾಸ್ತರರು ಆಟೋದಲ್ಲಿ ಬಂದಿಳಿದರು. ಕಂಪ್ಯೂಟರಿನ ಪೆಟ್ಟಿಗೆಯನ್ನು ಎಳೆಮಗುವಿನ ಹಾಗೆ ಹಾಸಿಗೆ ಹೊದಿಕೆಯಲ್ಲಿ ಸುತ್ತಿ ತಂದಿದ್ದರು. ನಾನು ಒಳಗೆ ಫೋನಿನಲ್ಲಿದ್ದೆ. ನನ್ನ ಬೋರ್ಡಿನ ಮೇಲೆ ‘ಪ್ಯಾಚ್’ ಅಂತ ಎಲ್ಲೂ ಬರೆದಿಲ್ಲ. ಪಕ್ಕದ ಬೋರ್ಡಿನ ಮೇಲೆ ದೊಡ್ಡದಾಗಿ ಬರೆದಿದೆ. ಮಾಸ್ತರರು ಲೆಕ್ಕಾಚಾರದ ಮನುಷ್ಯರು. ಸೀದಾ ಅಲ್ಲಿಗೆ ಹೋದರು.

“ಇದರಾಗ ತೂತು ಬಿದ್ದೈತಂತ. ಪ್ಯಾಚ್ ಸಿಗೋದಿಲ್ಲ ಅಂತ ಅಕ್ಕಾರು ಬರದಾರ. ನಿಮ್ಮ ಕಡಿ ಸಿಗತೈತೇನು?”

ಪಂಕ್ಚರ್ ಮಾಲಕರಿಗೆ ಇದು ಮರ್ಯಾದೆಯ ಪ್ರಶ್ನೆ ಆಯಿತು. “ಪ್ಯಾಚ್ ಸಿಗೋದಿಲ್ಲ ಅಂದವರ್‍ಯಾರ್‍ರೀ? ನನ್ನ ಕಡಿ ಟ್ರ್ಯಾಕ್ಟರ್ ಟೈರಿಂದ ಹಿಡದು ಸಣ್ಣ ಹುಡುಗೂರ ಸೈಕಲ್ ತನಕ ಎಲ್ಲಾ ಸೈಜಿನವೂ ಅದಾವ. ಎಲ್ಲೆ ಬಿದ್ದೈತಿ ತೂತು?”

“ಅದ ಗೊತ್ತಿಲ್ಲ. ಕಣ್ಣಿಗೆ ಕಾಣೋದಿಲ್ಲಂತ.”

“ಕಣ್ಣಿಗೆ ಕಾಣದ ತೂತು ಹುಡುಕೋದ ನನ್ನ ಕೆಲಸ್ರೀ ಮಾಸ್ತರ್. ಹಿಡೀರಿ ಆ ಕಡಿ.”

ಫೋನು ಮುಗಿಸಿ ನಾನು ಹೊರಗೆ ಬಂದಾಗ ಕಂಡದ್ದು ಇದು: ಮಾಸ್ತರರು ಪೆಟ್ಟಿಗೆಯ ಒಂದು ತುದಿ, ಪಂಕ್ಚರ್ ಮಾಲಕರು ಇನ್ನೊಂದು ತುದಿ ಹಿಡಿದು ಅದನ್ನು ನೀರಿನ ದೊಡ್ಡ ಬಕೀಟಿನ ಮೇಲೆ ಎತ್ತಿದ್ದಾರೆ. ಮಾಸ್ತರರು ಎಣಿಸುತ್ತಿದ್ದಾರೆ. “ಒಂದು... ಎರಡು...”

ಮೂರು ಅನ್ನುವುದಕ್ಕೆ ಮುಂಚೆ ನಾನು ಕಿರುಚಿದ ದನಿಗೆ ಎದುರಿನ ಹೋಟೆಲಿನಲ್ಲಿ ಚಹಾ ಕುಡಿಯುತ್ತಿದ್ದವರು ಎದ್ದು ನಿಂತರಂತೆ. ಪೆಟ್ಟಿಗೆ ಕಸಿದುಕೊಂಡು ಒಳಗೆ ತಂದೆ. ಹಳೆಯ ಬ್ರೌಸರ್ ತೆಗೆದು, ದಿನದಿನಕ್ಕೆ ತಾನೇ ಸರಿಪಡಿಸಿಕೊಳ್ಳುವ ಬೇರೆ ಬ್ರೌಸರ್ ಹಾಕಿ, ಮಾಸ್ತರರ ಕೈಯಿಂದಲೇ ನಡೆಸಿ ತೋರಿಸಿದೆ. ಅವರು ಸಮಾಧಾನದಿಂದ ಮತ್ತೆ ಹೊದಿಕೆ ಸುತ್ತಿಕೊಂಡು ಹೊರಟರು.

ಬಾಗಿಲಲ್ಲಿ ನಿಂತಿದ್ದ ಪಂಕ್ಚರ್ ಮಾಲಕರಿಗೆ ಮಾತ್ರ ಸಮಾಧಾನ ಆಗಲಿಲ್ಲ. ಮಾಸ್ತರರನ್ನು ಆಟೋ ತನಕ ಬಿಟ್ಟುಬರುತ್ತ ಮೆಲ್ಲಗೆ ಹೇಳಿದ್ದು ನನಗೂ ಕೇಳಿಸಿತು: “ಅಕ್ಕಾರು ಶಾಣ್ಯಾ ಇದ್ದಾರ, ಇಲ್ಲನ್ನೋದಿಲ್ಲ. ಆದರ ನೀರಾಗ ಅದ್ದದನ ತೂತು ಮುಚ್ಚ್ಯಾರ ನೋಡ್ರಿ. ನಾಳೆ ಮತ್ತ ಗಾಳಿ ಇಳಿದ್ರ ನನ್ನ ಕಡಿ ಬರ್‍ರಿ.”

ಒದರುವ ಹೆಣ್ಣುಮಗಳು

ಬನಹಟ್ಟಿಯಿಂದ ಒಬ್ಬ ಮಗ್ಗದ ಮಾಲಕರು ಫೋನ್ ಮಾಡಿದರು. ಅವರ ಮನೆಯ ಮುಂದಿನ ಪಡಸಾಲೆಯಲ್ಲಿ ನಾಲ್ಕು ಪವರ್‌ಲೂಮ್. ಫೋನಿನಲ್ಲಿ ಅವರ ದನಿಗಿಂತ ಮೊದಲು ಮಗ್ಗದ ಖಟಕ್ ಖಟಕ್ ಕೇಳಿಸುತ್ತದೆ.

“ಅಕ್ಕಾರ, ನಮ್ಮ ಕಂಪ್ಯೂಟರ್‌ನ್ಯಾಗ ಒಬ್ಬಾಕಿ ಹೆಣ್ಣಮಗಳು ಮೂರು ದಿನದಿಂದ ಒದರಾಕತ್ತಾಳ್ರೀ!”

“ಏನಂತಾಳ?”

“ಇಂಗ್ಲಿಷ್‌ನ್ಯಾಗ ಅಂತಾಳ. ಏನೋ ಬಾಳ ಸಂಕಟದಾಗ ಇದ್ದಂಗ ಕಾಣಸತೈತಿ.”

ಬಸ್ಸು ಹತ್ತಿ ಹೋದೆ. ಒಳಗಿನ ಕೋಣೆಯಲ್ಲಿ ಸೀರೆಯ ನಮೂನೆಗಳನ್ನು ವ್ಯಾಪಾರಿಗಳಿಗೆ ಕಳಿಸಲು ಒಂದು ಕಂಪ್ಯೂಟರ್ ಇತ್ತು. ಪರದೆಯೆಲ್ಲ ಕೆಂಪು. ‘ನಿಮ್ಮ ಕಂಪ್ಯೂಟರಿಗೆ ಭಯಂಕರ ವೈರಸ್ ತಗುಲಿದೆ. ಯಾವ ಕಾರಣಕ್ಕೂ ಬಂದ್ ಮಾಡಬೇಡಿ. ಕೂಡಲೇ ಈ ನಂಬರಿಗೆ ಫೋನ್ ಮಾಡಿ’ ಅಂತ ಇಂಗ್ಲಿಷಿನಲ್ಲಿ ಬರೆದಿತ್ತು. ಅದನ್ನೇ ಒಬ್ಬ ಹೆಂಗಸಿನ ದನಿ ಬಿಡದೆ ಒದರುತ್ತಿತ್ತು. ಹಳೆಯ ಬ್ರೌಸರಿನ ಮೂಲಕ ನುಗ್ಗಿದ ಕಳ್ಳರ ಸುಳ್ಳು ಎಚ್ಚರಿಕೆ ಅದು. ಫೋನ್ ಮಾಡಿದವರನ್ನು ಮಾತಿನಲ್ಲಿ ಸಿಕ್ಕಿಸಿ ಬ್ಯಾಂಕಿನ ಗುಟ್ಟು ಕೇಳುತ್ತಾರೆ.

ಮನೆಯವರು ಬಹಳ ವಿಧೇಯರು. ಬಂದ್ ಮಾಡಬೇಡಿ ಅಂತ ಬರೆದಿದೆಯಲ್ಲ, ಮೂರು ದಿನ ಬಂದ್ ಮಾಡಿರಲಿಲ್ಲ. ಕರೆಂಟು ಹೋದಾಗ ಟಿವಿಗೆ ಇಟ್ಟಿದ್ದ ಇನ್ವರ್ಟರನ್ನು ಇದಕ್ಕೆ ಹಚ್ಚಿದ್ದರು. ಪಾಳಿ ಮೇಲೆ ಒಬ್ಬೊಬ್ಬರು ಎದುರಿಗೆ ಕೂತು ಕಾಯುತ್ತಿದ್ದರು. ನಾನು ಹೋದಾಗ ಮಾಲಕರ ತಾಯಿಯ ಪಾಳಿ. ಎಂಬತ್ತರ ಹತ್ತಿರದ ಅಜ್ಜಿ ಕನ್ನಡಕ ಹಾಕಿಕೊಂಡು ಪರದೆಯ ಮುಂದೆ ಕೂತಿದ್ದರು.

ನನಗೆ ಒಂದೇ ಹೆದರಿಕೆ. “ಆ ನಂಬರಿಗೆ ಫೋನ್ ಮಾಡಿದ್ರೇನು?”

“ಮಾಡದ ಇರ್ತೇವೇನ್ರಿ?” ಅಂದರು ಮಾಲಕರು. “ಅಂವ ಹಲೋ ಅಂದ. ನಾನೂ ಹಲೋ ಅಂದೆ. ಅಂವಗ ಏನೂ ಕೇಳಸಲಿಲ್ಲ. ನನಗೂ ಏನೂ ಕೇಳಸಲಿಲ್ಲ. ಆ ಸಪ್ಪಳ ಬಂದ್ ಮಾಡು ಅಂತ ಹಿಂದಿಯೊಳಗ ಒದರಿದ. ಮಗ್ಗ ಬಂದ್ ಮಾಡಾಕ ಆಗೋದಿಲ್ಲ, ನೀನ ಜೋರ ಮಾತಾಡು ಅಂದೆ. ಹಿಂಗ ಅರ್ಧಾ ತಾಸು ಜಗ್ಗ್ಯಾಡಿದಿವಿ. ಕಡೀಕ ಅಂವನ ಸಾಕಾಗಿ ಫೋನ್ ಇಟ್ಟುಬಿಟ್ಟ. ಮತ್ತ ಮಾಡಿದ್ರ ಎತ್ತವಲ್ಲ.”

ನಾಲ್ಕು ಮಗ್ಗಗಳು ಸೇರಿ ಆ ಮನೆಯನ್ನು ಕಾಪಾಡಿದ್ದವು. ನನಗೆ ಅವುಗಳಿಗೊಂದು ನಮಸ್ಕಾರ ಹಾಕಬೇಕು ಅನ್ನಿಸಿತು. ಎರಡು ಗುಂಡಿ ಒತ್ತಿ ಆ ಪುಟ ಮುಚ್ಚಿದೆ. ದನಿ ಥಟ್ಟನೆ ನಿಂತಿತು. ಹಳೆಯ ಬ್ರೌಸರ್ ತೆಗೆದು ಹೊಸದು ಹಾಕತೊಡಗಿದೆ.

ಅಜ್ಜಿ ಪರದೆಯ ಹಿಂದೆ ಬಗ್ಗಿ ನೋಡಿದರು. “ಹೋದಳೇನವಾ?”

“ಹೋದಳ್ರೀ ಅಮ್ಮಾ. ಇನ್ನ ಬರೂದಿಲ್ಲ.”

ಅಜ್ಜಿಯ ಮುಖ ಸಣ್ಣದಾಯಿತು. “ಮೂರು ದಿನ ಗಂಟಲ ಹರಕೊಂಡ್ಲು ಪಾಪ. ಮನಿಗೆ ಬಂದ ಹೆಣ್ಣಮಗಳು, ಒಂದ ಕಪ್ ಚಾ ಸೈತ ಕುಡೀದ ಹೋದ್ಲು.”

ಮುಧೋಳದ ಭದ್ರತೆ

ಮುಧೋಳದಲ್ಲಿ ಅರ್ಜಿ, ಕರಾರುಪತ್ರ ಬರೆದುಕೊಡುವ ಒಬ್ಬರು ಮನೆಯಲ್ಲೇ ಕಂಪ್ಯೂಟರ್ ಇಟ್ಟುಕೊಂಡಿದ್ದಾರೆ. ಅವರ ಬಾಗಿಲಲ್ಲಿ ಆ ಊರಿನದೇ ತಳಿಯ ಒಂದು ನಾಯಿ. ಉದ್ದ ಕಾಲು, ತೆಳು ಹೊಟ್ಟೆ, ಮುಖದ ಮೇಲೆ ಸಾಹೇಬರ ಗಾಂಭೀರ್ಯ. ಹೆಸರು ಬಾಣ. ಬಾಣ ನನ್ನನ್ನು ಗೇಟಿನ ಹೊರಗೆ ಕಾಲು ತಾಸು ನಿಲ್ಲಿಸಿತು. ಅವರು ಒಳಗಿನಿಂದ ಆರಾಮಾಗಿ ಬಂದು ಹೇಳಿದರು: “ನೋಡಿದ್ರ್ಯಾ ಅಕ್ಕಾರ, ನಮ್ಮ ಸೆಕ್ಯೂರಿಟಿ? ಇದನ್ನ ದಾಟಿ ಯಾವ ಕಳ್ಳ ಬರ್ತಾನು ನನ್ನ ಬ್ರೌಸರ್‌ನ್ಯಾಗ?”

“ಬ್ರೌಸರ್‌ಗೆ ಬರೋ ಕಳ್ಳ ಗೇಟಿಂದ ಬರೂದಿಲ್ರೀ” ಅಂದೆ.

ಅವರಿಗೆ ನಂಬಿಕೆ ಬರಲಿಲ್ಲ. ತೋರಿಸದೆ ಗತಿಯಿರಲಿಲ್ಲ. ಅವರ ಹಳೆಯ ಬ್ರೌಸರಿನಲ್ಲಿ ಪಾಸ್‌ವರ್ಡುಗಳನ್ನೆಲ್ಲ ಉಳಿಸಿ ಇಟ್ಟಿದ್ದರು. ಅವರನ್ನೇ ಪಕ್ಕದಲ್ಲಿ ಕೂರಿಸಿಕೊಂಡು ಎರಡು ಕಡೆ ಒತ್ತಿದೆ. ಹನ್ನೊಂದು ಪಾಸ್‌ವರ್ಡುಗಳು ಬಟ್ಟೆ ಒಣಹಾಕಿದ ಹಾಗೆ ಸಾಲಾಗಿ ಕಂಡವು. ಬ್ಯಾಂಕಿಗೆ ಬಾಣ, ಮೇಲ್‌ಗೆ ಬಾಣ, ಕರೆಂಟ್ ಬಿಲ್ಲಿಗೆ ಬಾಣ, ರೈಲಿಗೆ ಬಾಣ. ಹನ್ನೊಂದಕ್ಕೆ ಹನ್ನೊಂದೂ ಬಾಣ.

ಅದೇ ಹೊತ್ತಿಗೆ ಅವರ ಹೆಂಡತಿ ಚಹಾ ತಂದರು. ತಾಟು ಕೈಯಲ್ಲೇ ಇತ್ತು, ಕಣ್ಣು ಪರದೆಯ ಮೇಲೆ ನಿಂತಿತು. ಒಂದೊಂದೇ ಸಾಲು ಓದಿದರು. ಮೇಲಿನಿಂದ ಕೆಳಗೆ, ಮತ್ತೆ ಕೆಳಗಿನಿಂದ ಮೇಲೆ.

“ನಾ ಈ ಮನಿಗೆ ಬಂದು ಇಪ್ಪತ್ತೆರಡು ವರ್ಷ ಆತು. ಆ ನಾಯಿ ಬಂದು ಮೂರು ವರ್ಷ. ಹೌದಿಲ್ಲೋ?”

ಅರ್ಜಿ ಬರೆಯುವವರು ಊರಿಗೆಲ್ಲ ಉತ್ತರ ಬರೆದುಕೊಡುತ್ತಾರೆ. ಆವತ್ತು ಕೀಲಿಮಣೆಯನ್ನು ನನ್ನ ಕಡೆ ನೂಕಿದರು. “ಅಕ್ಕಾರ, ಲಗೂನ ಹೊಸ ಬ್ರೌಸರ್ ಹಾಕ್ರಿ” ಅಂದರು.

ಹಾಕಿದೆ. ಎಲ್ಲ ಗುಟ್ಟಿಗೂ ಬೀಗ ಹಾಕಲು ಅದು ಒಂದು ಹೊಸ ಪಾಸ್‌ವರ್ಡ್ ಕೇಳಿತು. ಅವರು ಹೆಂಡತಿಯ ಮುಖವನ್ನೊಮ್ಮೆ ನೋಡಿ, ಎದೆಯುಬ್ಬಿಸಿ, ಒಂದೊಂದೇ ಅಕ್ಷರ ಒತ್ತಿ ಹೆಂಡತಿಯ ಹೆಸರು ಬರೆದರು. ಹೆಂಡತಿಯ ಮುಖ ಸ್ವಲ್ಪ ಅರಳಿತು. ಆಗಲೇ ಕೆಳಗೆ ಕೆಂಪಕ್ಷರದಲ್ಲಿ ಬಂತು: ‘ಇದು ತುಂಬ ದುರ್ಬಲ.’

ಬಾಗಿಲಲ್ಲಿ ಮಲಗಿದ್ದ ಬಾಣ ಎದ್ದು ಹೊರಗೆ ಹೋಯಿತು.

ಗಂಡ ನನ್ನ ಕಡೆ ತಿರುಗಿ, ಆದರೆ ಹೆಂಡತಿಗೆ ಸರಿಯಾಗಿ ಕೇಳಿಸುವ ಹಾಗೆ ಹೇಳಿದರು: “ಅಕ್ಕಾರ, ಈ ಹೊಸ ಬ್ರೌಸರ್‌ಗೆ ನಮ್ಮನಿಯಾಕಿ ಪರಿಚಯ ಇಲ್ಲ ಕಾಣಸತೈತಿ.”

ಬಸ್ಸಿನಲ್ಲಿ

ಇದು ಸಣ್ಣ ಸಂಗತಿ. ಬೀಳಗಿಗೆ ಹೋಗುವ ಬಸ್ಸಿನಲ್ಲಿದ್ದೆ. ರಬಕವಿಯ ಗಿರಾಕಿಯೊಬ್ಬರು ಫೋನ್ ಮಾಡಿದರು. ಅವರಿಗೆ ಹಳೆಯ ಬ್ರೌಸರ್ ಬಿಡಲು ಮನಸ್ಸಿಲ್ಲ. ರಸ್ತೆಯ ಸಪ್ಪಳದಲ್ಲಿ ನಾನು ದೊಡ್ಡ ದನಿಯಲ್ಲಿ ತಿಳಿಹೇಳಬೇಕಾಯಿತು.

“ಇಷ್ಟು ವರ್ಷ ಜೋಡಿ ಇತ್ತು ಅನ್ನೋದು ಖರೆ. ಆದರ ಈಗ ನಂಬಾಕ ಬರೂದಿಲ್ರೀ. ಮನಿ ಮಾತೆಲ್ಲಾ ಹೊರಗ ಹೋಗಾಕತ್ತಾವ. ಕೆಲಸಾನೂ ಬಾಳ ಸಾವಕಾಶ, ನಡನಡುವ ನಿಂತ ಬಿಡತೈತಿ. ಮೋಹ ಬಿಡ್ರಿ. ತಗದು ಹೊರಗ ಹಾಕ್ರಿ. ಅದಕ್ಕಿಂತ ಛಲೋ ಬೇಕಾದಷ್ಟು ಸಿಗತಾವ, ಪುಕ್ಕಟ ಸಿಗತಾವ. ನಾನ ಬಂದು ಹಾಕಿ ಕೊಡತೇನಿ.”

ಫೋನು ಇಟ್ಟೆ. ಪಕ್ಕದಲ್ಲಿ ಕೂತಿದ್ದ ನಡುವಯಸ್ಸಿನ ಹೆಂಗಸು ಸರಿದು ಹತ್ತಿರ ಬಂದರು. ಸೆರಗಿನಿಂದ ಬಾಯಿ ಮರೆಮಾಡಿಕೊಂಡು, ಮುಂದಿನ ಸೀಟಿನ ಗಂಡಸಿನ ಕಡೆ ಕಣ್ಣು ತಿರುಗಿಸಿ ಪಿಸುಗುಟ್ಟಿದರು:

“ನಮ್ಮನ್ಯಾಗೂ ಅಂಥಾದ್ದ ಒಂದ ಐತಿ ನೋಡವಾ. ಅಲ್ಲೆ ಕಿಡಕಿ ಹಂತ್ಯಾಕ ಕುಂತು ನಿದ್ದಿ ಹೊಡ್ಯಾಕತ್ತೈತಿ.”

ಬೀಳಗಿಯ ಓಟದ ಪಂದ್ಯ

ಬೀಳಗಿ ತಾಲೂಕಿನ ಒಂದು ಶಾಲೆಯ ಮಾಸ್ತರರ ಕೋಣೆಯಲ್ಲಿ ಒಂದೇ ಕಂಪ್ಯೂಟರ್. ಅದನ್ನು ಬಳಸುವವರು ಮೂವರು: ಮುಖ್ಯೋಪಾಧ್ಯಾಯಿನಿ, ಕನ್ನಡ ಮಾಸ್ತರರು, ಮತ್ತು ಆಟ ಆಡಿಸುವ ಪಿ.ಟಿ. ಮಾಸ್ತರರು. ಹಳೆಯ ಬ್ರೌಸರ್ ತೆಗೆದೆ. ಬದಲಿಗೆ ಯಾವುದು ಅನ್ನುವಲ್ಲಿ ಮೂವರಿಗೂ ಒಮ್ಮತ ಇರಲಿಲ್ಲ. ನಾನು ಮೂರು ಬೇರೆಬೇರೆ ಬ್ರೌಸರುಗಳನ್ನು ಹಾಕಿ, “ಮೂರೂ ಸುರಕ್ಷಿತ ಅದಾವ, ಒಂದನ್ನ ಆರಿಸ್ಕೋರಿ” ಅಂದೆ.

ಮುಖ್ಯೋಪಾಧ್ಯಾಯಿನಿಯವರಿಗೆ ಬಣ್ಣ ಮುಖ್ಯ. ಒಂದರ ಚಿತ್ರ ಕಣ್ಣಿಗೆ ಹೊಡೆಯುತ್ತದೆ, ಬೇಡ ಅಂದರು. ಕನ್ನಡ ಮಾಸ್ತರರು ಕನ್ನಡಕ ಏರಿಸಿ ಮೂರರಲ್ಲೂ ‘ಜ್ಯೋತ್ಸ್ನಾ’ ಅಂತ ಬರೆಸಿ ನೋಡಿದರು. ಒಂದರಲ್ಲಿ ಒತ್ತಕ್ಷರ ಸ್ವಲ್ಪ ಪಕ್ಕಕ್ಕೆ ಸರಿದಿತ್ತು. “ಒತ್ತಕ್ಷರಕ್ಕ ಕೆಳಗ ಜಾಗಾ ಕೊಡದ ಬ್ರೌಸರ್ ನನಗ ಹೆಂಗ ಭದ್ರತೆ ಕೊಡತೈತ್ರೀ?” ಅಂತ ಅದನ್ನು ತಳ್ಳಿಹಾಕಿದರು. ಅದೇ ಮುಖ್ಯೋಪಾಧ್ಯಾಯಿನಿಯವರಿಗೆ ಹಿಡಿಸಿದ ಬಣ್ಣದ್ದು. ಮಾತಿಗೆ ಮಾತು ಬೆಳೆಯಿತು.

ಪಿ.ಟಿ. ಮಾಸ್ತರರು ಎದ್ದು ನಿಂತರು. “ಜಗಳ ಬ್ಯಾಡ್ರಿ. ಓಡಿಸಿ ನೋಡೂಣು. ಯಾವುದು ಮೊದಲು ಬರತೈತೋ ಅದ ನಮ್ಮದು.” ಜೇಬಿನಿಂದ ಸ್ಟಾಪ್‌ವಾಚ್ ತೆಗೆದರು, ಕೊರಳಲ್ಲಿದ್ದ ಸೀಟಿ ಬಾಯಿಗಿಟ್ಟರು.

ಪಂದ್ಯದ ನಿಯಮ: ಸೀಟಿ ಊದಿದ ಕೂಡಲೇ ನಾನು ಬ್ರೌಸರ್ ತೆರೆದು ಪರೀಕ್ಷೆಯ ವೇಳಾಪಟ್ಟಿಯ ಪುಟಕ್ಕೆ ಹೋಗಬೇಕು. ಮೊದಲನೆಯದಕ್ಕೆ ಸೀಟಿ. ಹನ್ನೊಂದು ಸೆಕೆಂಡು. ಎರಡನೆಯದಕ್ಕೆ ಸೀಟಿ ಊದುವ ಮುಂಚೆಯೇ ನನ್ನ ಬೆರಳು ಬಿತ್ತು. “ಫೌಲ್!” ಅಂತ ಕೂಗಿ ವಾಪಸ್ ಕರೆಸಿದರು. ಮತ್ತೊಮ್ಮೆ ಓಡಿಸಿದಾಗ ಒಂಬತ್ತು ಸೆಕೆಂಡು. ಸೀಟಿಯ ಸಪ್ಪಳಕ್ಕೆ ಏಳನೆಯ ತರಗತಿಯ ಮಕ್ಕಳು ಆಟದ ಪಿರಿಯಡ್ ಅಂತ ತಿಳಿದು ಮೈದಾನದಲ್ಲಿ ಸಾಲಾಗಿ ನಿಂತುಬಿಟ್ಟಿದ್ದರು. ಅವರನ್ನು ಒಳಗೆ ಕಳಿಸಿ ಮೂರನೆಯದಕ್ಕೆ ಸೀಟಿ ಊದಿದರು.

ನಾನು ಒತ್ತಿದೆ. ಕಣ್ಣು ಪಿಳುಕಿಸುವಷ್ಟರಲ್ಲಿ ಪುಟ ಬಂತು. ಪಿ.ಟಿ. ಮಾಸ್ತರರು ಸ್ಟಾಪ್‌ವಾಚನ್ನು ಎತ್ತಿ ಹಿಡಿದರು. “ಅರ್ಧಾ ಸೆಕೆಂಡ್! ಜಿಲ್ಲಾ ಮಟ್ಟಕ್ಕ ಕಳಸಬೋದು ಇದನ್ನ!”

ಮುಖ್ಯೋಪಾಧ್ಯಾಯಿನಿಯವರು ಚಪ್ಪಾಳೆ ತಟ್ಟಿದರು. ಕನ್ನಡ ಮಾಸ್ತರರು ಮಾತ್ರ ಪರದೆಯ ಹತ್ತಿರ ಬಗ್ಗಿ, ಪದ್ಯ ಓದುವ ದನಿಯಲ್ಲಿ ನಿಧಾನವಾಗಿ ಓದಿದರು: “ಇಂಟರ್ನೆಟ್ ಸಂಪರ್ಕ ಇಲ್ಲ.”

ಮಕ್ಕಳನ್ನು ಒಳಗೆ ಕಳಿಸಲು ಎದ್ದು ಓಡಿದ ಗದ್ದಲದಲ್ಲಿ ಯಾರದೋ ಕಾಲು ತಾಗಿ ಇಂಟರ್ನೆಟ್ಟಿನ ತಂತಿ ಕಿತ್ತುಹೋಗಿತ್ತು. ಗೆದ್ದ ಬ್ರೌಸರ್ ಓಡಿಯೇ ಇರಲಿಲ್ಲ.

ಪಿ.ಟಿ. ಮಾಸ್ತರರು ಸೋಲಲಿಲ್ಲ. “ಆಗಲೇಳ್ರಿ. ನಮ್ಮ ತಾಲೂಕಿನ್ಯಾಗ ಯಾವ ಆಫೀಸಿಗೆ ಹೋದ್ರೂ ಇಲ್ಲ ಅಂತ ಹೇಳಾಕ ಎಂಟು ದಿನಾ ಅಲೆದಾಡಸತಾರ. ಇದು ಅರ್ಧಾ ಸೆಕೆಂಡಿಗೆ ಹೇಳತೈತಿ. ಇದ ಇರಲಿ!”

ಸಾವಳಗಿಯ ದೊಡ್ಡ ಪರದೆ

ಈ ಕೊನೆಯ ಪ್ರಸಂಗದಲ್ಲಿ ನಾನು ನಗಲಿಲ್ಲ. ನಕ್ಕವರು ಬೇರೆ.

ಸಾವಳಗಿಯಲ್ಲಿ ಹೆಣ್ಣುಮಕ್ಕಳ ಒಂದು ಸಂಘ ಇದೆ. ಜೋಳದ ರೊಟ್ಟಿ, ಸಜ್ಜಿ ರೊಟ್ಟಿ ಬಡಿದು, ಕಟಕ, ಅಂದರೆ ಗರಿಗರಿ, ಆಗುವ ಹಾಗೆ ಒಣಗಿಸಿ ಊರೂರಿಗೆ ಕಳಿಸುತ್ತಾರೆ. ಅವರು ಹೊಸದಾಗಿ ಕಂಪ್ಯೂಟರ್ ತಗೊಂಡಿದ್ದರು. ಬ್ರೌಸರಿನ ತೂತಿನ ಸುದ್ದಿ ಅವರಿಗೂ ಮುಟ್ಟಿತ್ತು. “ಅಕ್ಕಾರ, ನಮಗೆಲ್ಲಾರಿಗೂ ಕೂಡಿಸಿ ಒಂದ ಸಲ ತಿಳಿಸಿ ಹೇಳ್ರಿ” ಅಂತ ಕರೆದರು.

ಈ ಮಾತು ನನ್ನ ಅತ್ತೆಯವರ ಕಿವಿಗೆ ಬಿತ್ತು. ಅತ್ತೆಯವರ ತವರೂರು ಸಾವಳಗಿ. “ನಾನೂ ಬರ್ತೇನಿ. ನನ್ನ ಸೊಸಿ ಭಾಷಣಾ ಮಾಡೂದು ನಮ್ಮೂರವರು ನೋಡಲಿ” ಅಂತ ಇಸ್ತ್ರಿ ಮಾಡಿದ ಇಳಕಲ್ ಸೀರೆ ಉಟ್ಟು ನನಗಿಂತ ಮೊದಲು ಬಸ್ ಸ್ಟ್ಯಾಂಡಿನಲ್ಲಿ ನಿಂತರು.

ಇಲ್ಲಿ ಒಂದು ಗುಟ್ಟು ಹೇಳಿಬಿಡಬೇಕು. ನನಗೆ ರೊಟ್ಟಿ ಬಡಿಯಲು ಬರುವುದಿಲ್ಲ. ಕಂಪ್ಯೂಟರಿನ ಹೊಟ್ಟೆ ಬಗೆದು ಜೋಡಿಸುತ್ತೇನೆ, ಆದರೆ ಜೋಳದ ಹಿಟ್ಟು ನನ್ನ ಕೈಯಲ್ಲಿ ಯಾವತ್ತೂ ದುಂಡಗಾಗಿಲ್ಲ. ಎರಡು ವರ್ಷದ ಹಿಂದೆ ಅತ್ತೆಯವರಿಗೆ ಮೊಣಕೈ ನೋವು ಬಂದು ರೊಟ್ಟಿಯ ಕೆಲಸ ನನ್ನ ಪಾಲಿಗೆ ಬಂತು. ಅಂದಿನಿಂದ ಜಮಖಂಡಿ ಬಸ್ ಸ್ಟ್ಯಾಂಡಿನ ಹತ್ತಿರದ ಒಂದು ಅಂಗಡಿಯಿಂದ ರೊಟ್ಟಿ ತಂದು, ಅತ್ತೆಯವರು ಪೂಜೆಗೆ ಕೂತಾಗ ಹಂಚಿನ ಮೇಲೆ ಬಿಸಿ ಮಾಡಿ, ನಡುನಡುವೆ ಹಲಗೆಯ ಮೇಲೆ ಬರೀ ಕೈಯಿಂದ ಪಟಪಟ ಬಡಿದು, ಬುಟ್ಟಿಯಲ್ಲಿ ಜೋಡಿಸಿ ಇಡುತ್ತಿದ್ದೆ. ಅತ್ತೆಯವರು ತಿಂದು, “ಥೇಟ್ ನಮ್ಮ ತವರಮನಿ ರುಚಿ” ಅಂತ ನೆರೆಯವರಿಗೆಲ್ಲ ಹೇಳಿಕೊಂಡು ಬರುತ್ತಿದ್ದರು. ಹೊಗಳಿದಷ್ಟೂ ನನಗೆ ಬಾಯಿ ಬಿಡುವ ಧೈರ್ಯ ಕಡಿಮೆಯಾಗುತ್ತಿತ್ತು.

ಸಾವಳಗಿಯ ಸಮುದಾಯ ಭವನದಲ್ಲಿ ಅರವತ್ತು ಎಪ್ಪತ್ತು ಹೆಂಗಸರು ಸೇರಿದ್ದರು. ಗೋಡೆಗೆ ದೊಡ್ಡ ಬಿಳಿ ಪರದೆ. ನನ್ನ ಲ್ಯಾಪ್‌ಟಾಪಿನಲ್ಲಿ ಕಂಡದ್ದೆಲ್ಲ ಅದರ ಮೇಲೆ ಆಳೆತ್ತರದ ಅಕ್ಷರದಲ್ಲಿ ಮೂಡುತ್ತಿತ್ತು. ಅತ್ತೆಯವರು ಮೊದಲ ಸಾಲಿನಲ್ಲಿ, ತಮ್ಮ ಬಾಲ್ಯದ ಗೆಳತಿಯರ ನಡುವೆ ಕೂತಿದ್ದರು.

ನಾನು ವೇದಿಕೆ ಏರಿದೆ. “ಬ್ರೌಸರ್ ಅಂದ್ರ ಮನಿ ಕೆಲಸದಾಕಿ ಇದ್ದಂಗ. ನೀವು ಎಲ್ಲೆ ಹೋಗತೀರಿ, ಏನ ಹುಡುಕತೀರಿ, ಎಲ್ಲಾ ನೆನಪ ಇಟ್ಟಿರತೈತಿ. ಬಾಯಿ ಬಿಗಿ ಇಲ್ಲದ ಬ್ರೌಸರ್ ಇದ್ರ ನಿಮ್ಮ ಗುಟ್ಟೆಲ್ಲಾ ಊರ ಮುಂದ ಹೇಳತೈತಿ. ಹೆಂಗ ಅಂತೀರಿ? ನೋಡ್ರಿ, ತೋರಸತೇನಿ.”

ಏನನ್ನು ಹುಡುಕಿ ತೋರಿಸಲಿ? ರೊಟ್ಟಿಯ ಸಂಘ. ರೊಟ್ಟಿ ಅಂತಲೇ ಬರೆದೆ. ಬರೆದ ಕೂಡಲೇ, ನಾನು ಹಿಂದೆ ಹುಡುಕಿದ್ದನ್ನೆಲ್ಲ ಬ್ರೌಸರ್ ಸಾಲಾಗಿ ಕೆಳಗಿಳಿಸಿತು. ನನ್ನ ಬೆನ್ನು ಪರದೆಯ ಕಡೆ, ಮುಖ ಸಭೆಯ ಕಡೆ ಇತ್ತು. ಸಂಘದಲ್ಲಿ ಹೊಸದಾಗಿ ಓದು ಕಲಿತವರು ಬಹಳ. ಅಕ್ಷರ ಕಂಡರೆ ಗಟ್ಟಿಯಾಗಿ ಓದುವ ಹುಮ್ಮಸ್ಸು ಅವರಿಗೆ. ಎಲ್ಲರೂ ಒಂದೇ ದನಿಯಲ್ಲಿ ಓದತೊಡಗಿದರು:

“ರೊಟ್ಟಿ ಬಡಿಯಲು ಬರದವರಿಗೆ ಸುಲಭ ಉಪಾಯ!”

ಒಳ್ಳೆಯ ಉದಾಹರಣೆ ಓದುತ್ತಿದ್ದಾರೆ ಅಂದುಕೊಂಡು ನಾನು ತಲೆಯಾಡಿಸಿದೆ.

“ರೊಟ್ಟಿ ಕೊಂಡದ್ದು ಮನೆಯಲ್ಲಿ ಮಾಡಿದ ಹಾಗೆ ಕಾಣಲು ಏನು ಮಾಡಬೇಕು!”

ನನ್ನ ತಲೆ ಅಲ್ಲಾಡುವುದು ನಿಂತಿತು.

“ರೊಟ್ಟಿ ಅಂಗಡಿಯದು ಅಂತ ಅತ್ತೆಗೆ ಗೊತ್ತಾದರೆ ಹೇಗೆ ಸಮಾಧಾನ ಮಾಡುವುದು!”

ತಿರುಗಿ ನೋಡಿದೆ. ಗೋಡೆಯ ತುಂಬ ನನ್ನ ಎರಡು ವರ್ಷದ ಪಾಪ. ಲ್ಯಾಪ್‌ಟಾಪ್ ಮುಚ್ಚಲು ಹೋಗಿ ಕೈ ತಪ್ಪಿ ಅಕ್ಷರಗಳು ಇನ್ನೂ ದೊಡ್ಡವಾದವು. ಸಭೆಯಲ್ಲಿ ಎಪ್ಪತ್ತು ಜನ ಒಟ್ಟಿಗೆ ನಕ್ಕರು. ಮೊದಲ ಸಾಲಿನಲ್ಲಿ ಅತ್ತೆಯವರೊಬ್ಬರೇ ನಗದೆ ಕೂತಿದ್ದರು. ಗೆಳತಿಯರು ಅವರ ಮುಖ ನೋಡಿ ಒಬ್ಬೊಬ್ಬರಾಗಿ ನಗೆ ನಿಲ್ಲಿಸಿದರು. ನನಗೆ ಕಣ್ಣಲ್ಲಿ ನೀರು ಬರುವುದೊಂದು ಬಾಕಿ.

ಸಂಘದ ಅಧ್ಯಕ್ಷೆ ನನ್ನನ್ನು ಪಾರು ಮಾಡಲೆಂದೋ ಏನೋ ಕೇಳಿದರು: “ಅಕ್ಕಾರ, ಎಲ್ಲಿ ತಗೋತೀರಿ ರೊಟ್ಟಿ?”

“ಜಮಖಂಡಿ ಬಸ್ ಸ್ಟ್ಯಾಂಡ್ ಹತ್ರ, ಹಣ್ಣಿನ ಗಾಡಿ ಹಿಂದಿನ ಅಂಗಡ್ಯಾಗ” ಅಂದೆ.

“ಸಜ್ಜಿ ರೊಟ್ಟಿ ಮ್ಯಾಲ ಕರಿ ಎಳ್ಳು ಇರತಾವ?”

“ಹೂಂ.”

ಅಧ್ಯಕ್ಷೆ ಎರಡೂ ಕೈ ಎತ್ತಿ ಸಭೆಗೆ ಸಾರಿದರು: “ಅಯ್ಯ, ಅವು ನಾವು ಬಡದ ರೊಟ್ಟಿ! ಆ ಅಂಗಡಿಗೆ ವಾರಕ್ಕ ಎರಡು ಸಲ ಇಲ್ಲಿಂದನ ಹೋಗತಾವ!”

ಅತ್ತೆಯವರು ಮೆಲ್ಲಗೆ ಎದ್ದು ನಿಂತರು. ಸೆರಗು ಸರಿಮಾಡಿಕೊಂಡರು. ಮೊದಲು ಅಧ್ಯಕ್ಷೆಯನ್ನು, ಆಮೇಲೆ ನನ್ನನ್ನು ನೋಡಿದರು.

“ಎರಡು ವರ್ಷದಿಂದ ನಾ ಒಂದ ವಿಚಾರ ಮಾಡಾಕತ್ತಿದ್ದೆ” ಅಂದರು. “ಮುಧೋಳ ಕಡಿಂದ ಬಂದ ಹುಡಿಗಿ, ಇಕಿ ಕೈಗೆ ನಮ್ಮ ಸಾವಳಗಿ ರುಚಿ ಹೆಂಗ ಬಂತು ಅಂತ. ಇವತ್ತ ತಿಳೀತು.” ತುಟಿ ಬಿಗಿಹಿಡಿದರೂ ನಗೆ ಕಣ್ಣಿನಿಂದ ಹೊರಗೆ ಬಂದುಬಿಟ್ಟಿತು. “ನಾ ಪೂಜಿ ಮಾಡೂವಾಗ ನೀ ಬರೀ ಹಲಗಿ ಬಡೀತಿದ್ದ್ಯೇನ ಹಂಗಾರ? ಮಂಗಳಾರತಿ ಗಂಟಿಗೆ ಸರಿಯಾಗಿ ತಾಳ ಹಾಕತಿದ್ದೆಲ್ಲ!”

ಭವನದ ಹೆಂಚು ಹಾರುವ ಹಾಗೆ ನಗೆ ಎದ್ದಿತು. ನಾನು ವೇದಿಕೆಯಿಂದ ಇಳಿದು ಹೋಗಿ ಅವರ ಕೈ ಹಿಡಿದುಕೊಂಡೆ. ಏನು ಹೇಳಬೇಕೋ ತಿಳಿಯದೆ, ಕಂಪ್ಯೂಟರಿನವಳಲ್ಲವೇ, ಬಾಯಿಗೆ ಬಂದದ್ದನ್ನೇ ಹೇಳಿದೆ: “ಅತ್ತಿ, ಈ ಹಾಳ ಬ್ರೌಸರ್ ನಾ ಇವತ್ತ ಬದಲಿ ಮಾಡತೇನಿ.”

ಅತ್ತೆಯವರು ನನ್ನ ಕೈ ಬಿಗಿಯಾಗಿ ಹಿಡಿದರು.

“ಬ್ರೌಸರ್ ಬೇಕಾದ್ರ ದಿನಕ್ಕೊಂದು ಬದಲ ಮಾಡ. ರೊಟ್ಟಿ ಅಂಗಡಿ ಮಾತ್ರ ಬದಲ ಮಾಡಬ್ಯಾಡ!”